ಟಿಪ್ಪರ್ ಎಳೆಯುತ್ತಿಲ್ಲ ಅಂತ ಟ್ಯೂನಿಂಗ್ ಮಾಡಿಸಬೇಕಾ?

ಅಣ್ಣ, ಸಂಡೂರು ಕಡೆಯಿಂದ ಅದಿರು ಹೊಡೆಯುವ ನಿಮ್ಮ ಬಿಎಸ್6 (ಹೊಗೆ ಕಡಿಮೆ ಬಿಡಬೇಕೆಂಬ ಹೊಸ ನಿಯಮದ) ಟಿಪ್ಪರ್ ಏರಿನಲ್ಲಿ ಎಳೆಯುತ್ತಿಲ್ಲ, ಒಬ್ಬರು ಲ್ಯಾಪ್‌ಟಾಪ್ ಹಾಕಿ ಪವರ್, ಮೈಲೇಜ್ ಎರಡೂ ಜಾಸ್ತಿ ಮಾಡಿಕೊಡ್ತೀನಿ ಅಂದಿದ್ದಾರೆ, ಮುಂದೆ ಗಾಡಿ ತಾಳುತ್ತಾ ಅಂತ ಕೇಳಿದ್ದೀರಿ. ನಾನಾದರೆ ಮಾಡಿಸಲ್ಲ.

ಅವರು ಡೀಸೆಲ್ ಜಾಸ್ತಿ ಹೊಡೆಯುವ ಹಾಗೆ, ಟರ್ಬೊ ಗಾಳಿ ಜಾಸ್ತಿ ತುಂಬುವ ಹಾಗೆ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸುತ್ತಾರೆ. ಎಳೆತ ಬರುತ್ತದೆ, ಸುಳ್ಳಲ್ಲ. ಜೊತೆಗೆ ಬಿಸಿಯೂ ಬರುತ್ತದೆ. ಟರ್ಬೊ, ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಹೊಡೆತ ತಿನ್ನುವುದು ಆ ಬಿಸಿಗೇ. ಖಾಲಿ ಗಾಡಿಯಲ್ಲಿ ಟ್ರಯಲ್ ನೋಡಿದರೆ ಏನೂ ಗೊತ್ತಾಗಲ್ಲ. ಲೋಡ್ ತುಂಬಿ, ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ ಇರುವಾಗ, ಸಣ್ಣ ಗೇರಿನಲ್ಲಿ ಏರು ಹತ್ತಿಸಿ ನೋಡಿ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ಇಂಟರ್‌ಕೂಲರ್ ಪಾಪ ಎಷ್ಟು ಅಂತ ತಣ್ಣಗೆ ಮಾಡೀತು? ಇಂಜಿನ್ ತಾಳಿದರೂ ಹಿಂದಿನದ್ದು ತಾಳಬೇಕಲ್ವಾ. ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಗೇರ್ ಎಲ್ಲ ಕಂಪನಿ ಕೊಟ್ಟ ಟಾರ್ಕ್ (ತಿರುಗಿಸುವ ಬಲ) ನೋಡಿ ಮಾಡಿದ್ದು. ಅದರ ಮೇಲೆ ನಮ್ಮಲ್ಲಿ ಓವರ್‌ಲೋಡ್ ಬೇರೆ.

ಕಪ್ಪು ಹೊಗೆ ಬಂದರೆ ಪವರ್ ಬಂತು ಅಂತ ಖುಷಿಪಡುವ ಡ್ರೈವರ್‌ಗಳಿದ್ದಾರೆ. ಅದು ಸರಿಯಾಗಿ ಉರಿಯದ ನಿಮ್ಮದೇ ಡೀಸೆಲ್. ಬಿಎಸ್6 ಗಾಡಿಯಲ್ಲಿ ಆ ಮಸಿ ಹೋಗಿ ಡಿಪಿಎಫ್‌ನಲ್ಲಿ, ಅಂದರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್‌ನಲ್ಲಿ, ಕಟ್ಟಿಕೊಳ್ಳುತ್ತದೆ. ಆಮೇಲೆ ಡಿಪಿಎಫ್ ತೆಗೆಸಿಬಿಡಿ, ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ನೀರು) ಬಂದ್ ಮಾಡಿಸಿ ಅನ್ನುವ ಮಾತು ಶುರುವಾಗುತ್ತದೆ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಯಿತು ಅಂದುಕೊಳ್ಳಿ.

ಮೊದಲು ಯಾಕೆ ಎಳೆಯುತ್ತಿಲ್ಲ ಅಂತ ನೋಡಿ. ಗಣಿ ಧೂಳಿನಲ್ಲಿ ಓಡುವ ಗಾಡಿ ಇದು. ಏರ್ ಫಿಲ್ಟರ್ ಆದ ಮೇಲೆ ಟರ್ಬೊಗೆ ಹೋಗುವ ಪೈಪ್ ಬಿಚ್ಚಿ ಒಳಗೆ ಬೆರಳು ಆಡಿಸಿ. ಬೆರಳಿಗೆ ಕೆಂಪು ಹತ್ತಿದರೆ ಧೂಳು ನೇರ ಇಂಜಿನ್‌ಗೆ ಹೋಗುತ್ತಿದೆ, ಬೇರೆ ಮಾತೇ ಬೇಡ. ಕ್ಲೀನ್ ಮಾಡ್ತೀವಿ ಅಂತ ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದು ಹೊಡೆದು ಫಿಲ್ಟರ್ ಪೇಪರ್ ಹರಿದಿರುತ್ತದೆ, ಎಷ್ಟೋ ಗಾಡಿಗಳಲ್ಲಿ ಇದೇ ಕಥೆ. ಆಮೇಲೆ ಇಂಟರ್‌ಕೂಲರ್ ಹೋಸ್. ಕ್ಲಿಪ್ ಹತ್ತಿರ ಎಣ್ಣೆ ಜಿಡ್ಡಿನ ಮೇಲೆ ಕೆಂಪು ಧೂಳು ಕೆಸರಿನ ಹಾಗೆ ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ಸೋಪಿನ ನೀರು ಹಾಕಿ, ಒಬ್ಬರು ರೇಸ್ ಕೊಡಲಿ, ಗುಳ್ಳೆ ಬರುತ್ತಾ ನೋಡಿ. ಡೀಸೆಲ್ ಫಿಲ್ಟರ್ ಬದಲಿಸಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಗಾಳಿಯೇ ಸಾಲದ ಇಂಜಿನ್‌ಗೆ ಸುಮ್ನೆ ಇನ್ನಷ್ಟು ಡೀಸೆಲ್ ಸುರಿದರೆ ಹೊಗೆ ಬಿಟ್ಟು ಏನು ಬರುತ್ತದೆ?

ಮೈಲೇಜ್ ಮಾತು ಬಿಡಿ. ಪವರ್ ಸಿಕ್ಕಿದರೆ ಡ್ರೈವರ್ ಕಾಲು ಸುಮ್ಮನಿರಲ್ಲ.

ಹೋಸ್ ಕ್ಲಿಪ್‌ದು ಒಂದು ಫೋಟೋ ಇಲ್ಲೇ ಹಾಕಿ, ಟೈಟ್ ಮಾಡಿದರೆ ಸಾಕಾ, ಬದಲಿಸಬೇಕಾ ಹೇಳುತ್ತೇನೆ.