ಸ್ಪ್ಯಾನಿಷ್ ಜೊತೆ ಮನಃಶಾಸ್ತ್ರ: ಓದಿದವರು ಏನಾಗುತ್ತಾರೆ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: “ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಬ್ರಿಟನ್ನಿಗೆ ಹೋಗಿ ಸ್ಪ್ಯಾನಿಷ್ ಮತ್ತು ಮನಃಶಾಸ್ತ್ರ ಎರಡೂ ಇರುವ ನಾಲ್ಕು ವರ್ಷದ ಜಂಟಿ ಪದವಿ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಸ್ಪ್ಯಾನಿಷ್ ಒಂದಕ್ಷರ ಬಾರದು. ಎರಡು ದೋಣಿಯಲ್ಲಿ ಕಾಲಿಟ್ಟಂತಾಗುವುದಿಲ್ಲವೇ? ಇದರ ಉದ್ದೇಶವಾದರೂ ಏನು? ಮುಗಿಸಿದರೆ ಸೈಕಾಲಜಿಸ್ಟ್ ಆಗುತ್ತಾಳೆಯೇ?”

ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇವೆ. ಈ ಪದವಿಯೊಂದರಿಂದಲೇ ಆಗುವುದಿಲ್ಲ. ಬರೀ ಮನಃಶಾಸ್ತ್ರ ಓದಿದವರೂ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಲು ಪದವಿಯ ನಂತರ ಮೂರು ವರ್ಷದ ಡಾಕ್ಟರೇಟ್ ತರಬೇತಿ ಮತ್ತು ಎಚ್‌ಸಿಪಿಸಿ (ಅಲ್ಲಿನ ಆರೋಗ್ಯ ವೃತ್ತಿಪರರ ನೋಂದಣಿ ಸಂಸ್ಥೆ) ನೋಂದಣಿ ಬೇಕು. ನಮ್ಮಲ್ಲಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ. ಬ್ರಿಟನ್ನಿನಲ್ಲಿ ಮುಂದುವರಿಯುವುದಾದರೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ (ಬಿಪಿಎಸ್) ಮಾನ್ಯತೆ ಇರುವ ಕೋರ್ಸನ್ನೇ ಆರಿಸಬೇಕು. ಜಂಟಿ ಪದವಿಗೂ ಈ ಮಾನ್ಯತೆ ಸಿಗುತ್ತದೆ, ಆದರೆ ಎಲ್ಲ ಕಡೆಯೂ ಇರುವುದಿಲ್ಲ. ಮಾನ್ಯತೆಯ ಲಾಭ ಕೈಗೆ ಬರಲು ವಿದ್ಯಾರ್ಥಿಗೆ ಕನಿಷ್ಠ ಲೋವರ್ ಸೆಕೆಂಡ್ ದರ್ಜೆ ಬರಬೇಕು, ಮನಃಶಾಸ್ತ್ರದ ಸಂಶೋಧನಾ ಪ್ರಾಜೆಕ್ಟ್ ಪಾಸಾಗಬೇಕು. ಹಲವರು ಎಡವುವುದು ಇಲ್ಲೇ: ಕೊನೆಯ ವರ್ಷ ಸಾಹಿತ್ಯದ ಮೋಹಕ್ಕೆ ಬಿದ್ದು ಪ್ರಬಂಧವನ್ನು ಸ್ಪ್ಯಾನಿಷ್ ವಿಭಾಗದಲ್ಲಿ ಬರೆಯುತ್ತಾರೆ, ಆಮೇಲೆ ಆ ಕೊರತೆ ತುಂಬಿಕೊಳ್ಳಲು ಒಂದು ವರ್ಷದ ಕನ್ವರ್ಶನ್ ಎಂಎಸ್ಸಿಗೆ ದುಡ್ಡು ಕಟ್ಟುತ್ತಾರೆ.

ಇನ್ನು ದೋಣಿಯ ಮಾತು. ವರ್ಷಕ್ಕೆ 120 ಕ್ರೆಡಿಟ್, ಸಾಮಾನ್ಯವಾಗಿ 60-60 ಹಂಚಿಕೆ. ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆ ಕೆಲಸ; 20 ಕ್ರೆಡಿಟ್‌ನ ಒಂದು ಮಾಡ್ಯೂಲ್‌ಗೆ 200 ಗಂಟೆ. ಅದರಲ್ಲಿ ತರಗತಿಯ ಪಾಲು ಸಣ್ಣದು, ಉಳಿದದ್ದೆಲ್ಲ ಸ್ವಂತ ಓದು. ಎರಡು ವಿಭಾಗಗಳು ಪರಸ್ಪರ ಕೇಳಿಕೊಂಡು ಗಡುವು ಇಡುವುದಿಲ್ಲ, ಹಾಗಾಗಿ ಲ್ಯಾಬ್ ವರದಿ ಮತ್ತು ಸ್ಪ್ಯಾನಿಷ್ ಪ್ರಬಂಧ ಒಂದೇ ವಾರ ಬಂದು ಕೂರುತ್ತವೆ. ಮನಃಶಾಸ್ತ್ರವೆಂದರೆ ಮನಸ್ಸಿನ ಮಾತುಕತೆ ಅಂದುಕೊಂಡು ಹೋದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಸಂಖ್ಯಾಶಾಸ್ತ್ರ ಎದುರಾಗುತ್ತದೆ. ಮಗಳಿಗೆ ಗಣಿತದ ಭಯವಿದ್ದರೆ ಯೋಚಿಸಬೇಕಾದದ್ದು ಆ ವಿಷಯ, ಸ್ಪ್ಯಾನಿಷ್ ಅಲ್ಲ.

ಒಂದಕ್ಷರ ಬಾರದವರಿಗೂ ಅನೇಕ ವಿಶ್ವವಿದ್ಯಾಲಯಗಳಲ್ಲಿ ಆರಂಭಿಕರ ದಾರಿ ಇದೆ. ಯುರೋಪಿನ ಭಾಷಾ ಮಟ್ಟಗಳ (ಎ1ರಿಂದ ಸಿ2ವರೆಗೆ ಆರು ಹಂತ) ಲೆಕ್ಕದಲ್ಲಿ ಎರಡನೇ ವರ್ಷದ ಕೊನೆಗೆ ಬಿ1–ಬಿ2, ಪದವಿಯ ಕೊನೆಗೆ ಸಿ1 ಹತ್ತಿರ ತಲುಪಿಸುವುದು ಗುರಿ. “ನನಗೆ ಇಷ್ಟ”, “ನನಗೆ ತಲೆ ನೋಯುತ್ತಿದೆ” ಎನ್ನುವ ನಮ್ಮ ಧಾಟಿ ಸ್ಪ್ಯಾನಿಷ್‌ನಲ್ಲೂ ಇರುವುದರಿಂದ ಇಂಗ್ಲಿಷರು ತಡವರಿಸುವ ಕಡೆ ಕನ್ನಡಿಗರು ಸಲೀಸಾಗಿ ದಾಟುತ್ತಾರೆ. ಮೇಜು ಕುರ್ಚಿಗೂ ಲಿಂಗವಿರುವುದು ಮಾತ್ರ ಬಹಳ ದಿನ ಕಾಡುತ್ತದೆ.

ಉದ್ದೇಶ ಏನು ಎಂದಿರಿ. ಎರಡು ಅರ್ಧ ಪದವಿಗಳನ್ನು ಹೊಲಿದರೆ ಅದಕ್ಕೆ ಅರ್ಥವಿಲ್ಲ; ಎರಡೂ ಕೂಡುವ ಕಡೆ ಏಳುವ ಪ್ರಶ್ನೆಗಳನ್ನು ಕೈಯಾರೆ ಪರೀಕ್ಷಿಸಬಲ್ಲವರನ್ನು ತಯಾರು ಮಾಡಬೇಕು. ಒಂದು ಉದಾಹರಣೆ ನೋಡಿ. ಮನಃಶಾಸ್ತ್ರಜ್ಞೆಯರಾದ ಕೇಟ್ಲಿನ್ ಫಾಸಿ ಮತ್ತು ಲೇರಾ ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತನಾಡುವವರಿಗೆ ವಿಡಿಯೊಗಳನ್ನು ತೋರಿಸಿದರು: ಒಬ್ಬ ಬೇಕೆಂದೇ ಬಲೂನು ಒಡೆಯುತ್ತಾನೆ, ಇನ್ನೊಬ್ಬನ ಕೈತಪ್ಪಿ ಒಡೆಯುತ್ತದೆ. ಆಮೇಲೆ ಯಾರು ಮಾಡಿದ್ದು ಎಂದು ಕೇಳಿದರು. ಬೇಕೆಂದೇ ಮಾಡಿದ್ದನ್ನು ಎರಡೂ ಗುಂಪು ಒಂದೇ ರೀತಿ ನೆನಪಿಟ್ಟುಕೊಂಡಿತ್ತು. ಕೈತಪ್ಪಿ ಆದದ್ದರಲ್ಲಿ ಮಾಡಿದವನನ್ನು ಇಂಗ್ಲಿಷ್‌ನವರು ಹೆಚ್ಚು ಸರಿಯಾಗಿ ಗುರುತಿಸಿದರು. ಅಂಥ ಕಡೆ ಸ್ಪ್ಯಾನಿಷ್‌ನವರು, ನಮ್ಮಂತೆಯೇ, “ಒಡೆದುಹೋಯಿತು” ಅನ್ನುವುದೇ ಹೆಚ್ಚು. ಇಂಗ್ಲಿಷ್‌ನಲ್ಲಿ “ಅವನು ಒಡೆದ” ಅನ್ನುವುದು ರೂಢಿ. ಸಾಕ್ಷಿ ಹೇಳಿಕೆ ಪಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಕನ್ನಡಿಗರ ಮೇಲೆ ಇಂಥದ್ದೇ ಪ್ರಯೋಗ ಮಾಡುವುದು ನಿಮ್ಮ ಮಗಳಿಗೆ ಒಳ್ಳೆಯ ಪ್ರಾಜೆಕ್ಟ್ ಆದೀತು. ಚರಿತ್ರೆಯ ಕಡೆಯಿಂದಲೂ ಇಂಥ ಪ್ರಶ್ನೆಗಳಿವೆ: ಅರ್ಜೆಂಟೀನಾದ 1976–83ರ ಸರ್ವಾಧಿಕಾರದಲ್ಲಿ ಬಂಧಿತ ತಾಯಂದಿರಿಂದ ಕದ್ದೊಯ್ದು ಬೇರೆಯವರಿಗೆ ಕೊಟ್ಟ ಶಿಶುಗಳು ದೊಡ್ಡವರಾದ ಮೇಲೆ ತಾವು ಯಾರೆಂದು ತಿಳಿದಾಗ ಏನಾಗುತ್ತದೆ ಎಂಬಂಥವು.

ಮೂರನೇ ವರ್ಷ ಸ್ಪೇನ್ ಅಥವಾ ಲ್ಯಾಟಿನ್ ಅಮೆರಿಕದಲ್ಲಿ. ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲ, ಭಾರತೀಯ ಪಾಸ್‌ಪೋರ್ಟಿಗೆ ಬೇರೆ ವೀಸಾ ಮಾಡಿಸಬೇಕು. ಬಾರ್ಸಿಲೋನಾದ ಹೆಸರಿಗೆ ಮರುಳಾಗುವುದು ಬೇಡ. ಅಲ್ಲಿ ಅನೇಕ ತರಗತಿಗಳು ಕ್ಯಾಟಲನ್ ಭಾಷೆಯಲ್ಲಿ ನಡೆಯುತ್ತವೆ. ಸ್ಪ್ಯಾನಿಷ್ ನಾಲಿಗೆಗೆ ಹತ್ತಬೇಕಾದರೆ ಸಾಲಮಾಂಕಾ, ಗ್ರನಾಡಾ ವಾಸಿ. ಆ ವರ್ಷ ಮನಃಶಾಸ್ತ್ರದ ಸಂಪರ್ಕ ತಪ್ಪಿದರೆ ಸಂಖ್ಯಾಶಾಸ್ತ್ರ ಪೂರ್ತಿ ಮರೆತುಹೋಗಿ, ವಾಪಸಾದ ಕೂಡಲೇ ಪ್ರಾಜೆಕ್ಟ್ ಕುತ್ತಿಗೆಗೆ ಬರುತ್ತದೆ. ಬೇಸಿಗೆಯಲ್ಲಿ ಎರಡನೇ ವರ್ಷದ ದತ್ತಾಂಶವನ್ನೇ ಆರ್ ಅಥವಾ ಎಸ್‌ಪಿಎಸ್‌ಎಸ್‌ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಹಾಕಿ ಮತ್ತೊಮ್ಮೆ ವಿಶ್ಲೇಷಿಸುವುದು ಇದಕ್ಕೆ ಮದ್ದು.

ಫೀಸು ಕಟ್ಟುವ ಮುನ್ನ ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ ಬರಹದಲ್ಲೇ ಉತ್ತರ ಪಡೆಯಿರಿ: ಇದೇ ಜಂಟಿ ಕೋರ್ಸಿಗೆ ಬಿಪಿಎಸ್ ಮಾನ್ಯತೆ ಇದೆಯೇ, ಆರಂಭಿಕರ ದಾರಿಯಲ್ಲಿ ಬಂದವರಿಗೂ ಅದು ಅನ್ವಯಿಸುತ್ತದೆಯೇ, ಮೂರನೇ ವರ್ಷದ ಶುಲ್ಕ ಎಷ್ಟು. ಮೊದಲ ಪ್ರಶ್ನೆಗೆ “ಸದ್ಯದಲ್ಲೇ ಸಿಗಲಿದೆ” ಎಂದು ಬಂದರೆ ಬೇರೆ ವಿಶ್ವವಿದ್ಯಾಲಯ ನೋಡಿ.