ವಿದೇಶ ಪ್ರವಾಸಕ್ಕೆ ಹಣ ವಿನಿಮಯ ಮಾಡಿಕೊಳ್ಳುವಾಗ ಏನನ್ನು ಗಮನಿಸಬೇಕು?

ಅಂತರ್ಜಾಲದಲ್ಲಿ ಕಾಣುವ ವಿನಿಮಯ ದರವು ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ದರವಾಗಿದ್ದು, ಪ್ರವಾಸಿಗರಿಗೆ ಅದು ಸಿಗುವುದು ಅಪರೂಪ. ‘ಕಮಿಷನ್ ಇಲ್ಲ’ ಎಂದು ಫಲಕ ಹಾಕಿದ ಕೌಂಟರ್ ಕೂಡ ತನ್ನ ಲಾಭವನ್ನು ದರದೊಳಗೇ ಸೇರಿಸಿಕೊಂಡಿರುತ್ತದೆ. ಆದ್ದರಿಂದ ಎಲ್ಲ ಶುಲ್ಕ ಕಳೆದು ಕೊನೆಗೆ ಕೈಗೆ ಎಷ್ಟು ಬರುತ್ತದೆ ಎಂಬುದನ್ನಷ್ಟೇ ಹೋಲಿಸಿ ನೋಡಬೇಕು. ಅಂಗಡಿಯ ಕಾರ್ಡ್ ಯಂತ್ರ ಅಥವಾ ಎಟಿಎಂ ‘ನಿಮ್ಮ ದೇಶದ ಕರೆನ್ಸಿಯಲ್ಲಿ ಪಾವತಿಸುವಿರಾ?’ ಎಂದು ಕೇಳಿದಾಗ, ಆ ಸೌಜನ್ಯಕ್ಕೆ ಮರುಳಾಗದೆ ನೀವಿರುವ ದೇಶದ ಕರೆನ್ಸಿಯನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ದರವನ್ನು ನಿಮ್ಮ ಕಾರ್ಡ್ ಸಂಸ್ಥೆಯ ಬದಲು ಆ ಯಂತ್ರದ ಹಿಂದಿರುವ ಸಂಸ್ಥೆ ನಿರ್ಧರಿಸುತ್ತದೆ, ಅದು ಸಾಮಾನ್ಯವಾಗಿ ದುಬಾರಿಯೇ. ಬಜೆಟ್ ಹಾಕುವಾಗ ಊಟ, ಓಡಾಟಗಳ ಜೊತೆಗೆ, ಹೋಟೆಲಿನವರು ಕಾರ್ಡಿನಲ್ಲಿ ತಡೆಹಿಡಿಯುವ ಠೇವಣಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ಮೊತ್ತ ಬಿಡುಗಡೆಯಾಗಲು ಕೆಲವು ದಿನಗಳೇ ಬೇಕಾಗಬಹುದು.