ಊರಿನಿಂದಲೇ ಕಾಯಂ ಕೆಲಸ: ಒಪ್ಪಿಕೊಳ್ಳಲೇ?

ಪ್ರಶ್ನೆ: ನನಗೆ 31 ವರ್ಷ, ಅವಿವಾಹಿತೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಂಪನಿಯು ಕಚೇರಿಯ ಒಂದು ಮಹಡಿಯನ್ನು ಬಿಟ್ಟುಕೊಟ್ಟು, ನಮ್ಮ ತಂಡದವರು ಇನ್ನು ಕಾಯಂ ಆಗಿ ಮನೆಯಿಂದಲೇ ಕೆಲಸ ಮಾಡಬಹುದೆಂದು ಪತ್ರ ಕೊಟ್ಟಿದೆ. ಶಿರಸಿ ಬಳಿಯ ನಮ್ಮೂರಿಗೆ ಬಂದುಬಿಡು ಎಂದು ಅಪ್ಪ, ಅಮ್ಮ ಕರೆಯುತ್ತಿದ್ದಾರೆ. ಬಡ್ತಿ ತಪ್ಪೀತು, ಒಂಟಿಯಾದೇನು ಎಂಬ ಭಯ ನನಗೆ. ಇಷ್ಟು ವಿಶ್ವಾಸವಿಟ್ಟ ಕಂಪನಿಯನ್ನು ಪ್ರಶ್ನಿಸುವುದು ಸರಿಯೇ?

ಉತ್ತರ: ಖಂಡಿತ ಸರಿ. ವಿಶ್ವಾಸದ ಜೊತೆಗೆ, ಬಾಡಿಗೆ, ಕ್ಯಾಬ್, ವಿದ್ಯುತ್ತಿನ ಖರ್ಚು ಉಳಿಯುತ್ತದೆ, ನುರಿತವರು ಕೆಲಸ ಬಿಟ್ಟುಹೋಗುವುದು ತಗ್ಗುತ್ತದೆ ಎಂಬ ಲೆಕ್ಕಾಚಾರವೂ ಈ ತೀರ್ಮಾನದ ಹಿಂದಿರುತ್ತದೆ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯ ಶಾಂಘೈ ಕಾಲ್ ಸೆಂಟರಿನಲ್ಲಿ 2010–11ರಲ್ಲಿ ಒಂಬತ್ತು ತಿಂಗಳು ನಡೆದ ಪ್ರಯೋಗದಲ್ಲಿ, ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು; ಒಂಟಿತನ ತಾಳಲಾರದೆ ಹಲವರು ಕಚೇರಿಗೇ ಮರಳಿದರು. ವಾರಕ್ಕೊಂದು ದಿನ ಕಚೇರಿಗೆ ಬರುತ್ತಿದ್ದವರ ಪಾಡೇ ಹೀಗಿತ್ತು ಎಂಬುದನ್ನು ನೆನೆದರೆ, ನಿಮ್ಮ ಭಯ ಕೇವಲ ಅಳುಕಲ್ಲ ಎಂದು ನನಗನ್ನಿಸುತ್ತದೆ.

ಹಾಗಾಗಿ ಸಹಿ ಹಾಕುವ ಮುನ್ನ ಕೆಲವು ವಿಷಯಗಳನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಊರು ಬದಲಾದರೆ ಸಂಬಳವೂ ಬದಲಾಗುತ್ತದೆಯೇ? ಫೇಸ್‌ಬುಕ್ 2020ರಲ್ಲೇ ಅಂಥ ನಿಯಮವನ್ನು ಘೋಷಿಸಿತ್ತು. ಮರಳಿ ಕರೆಸಿಕೊಳ್ಳುವುದಾದರೆ ಎಷ್ಟು ತಿಂಗಳು ಮೊದಲು ತಿಳಿಸುತ್ತಾರೆ? ಬಯಸಿದವರು ಶಾಶ್ವತವಾಗಿ ಮನೆಯಿಂದ ಕೆಲಸ ಮಾಡಬಹುದೆಂದು 2020ರ ಮೇ ತಿಂಗಳಲ್ಲಿ ಹೇಳಿದ್ದ ಟ್ವಿಟರ್, ಮಾಲೀಕರು ಬದಲಾದ ಕೂಡಲೇ, 2022ರ ನವೆಂಬರಿನಲ್ಲಿ ಎಲ್ಲರನ್ನೂ ಕಚೇರಿಗೆ ಕರೆಯಿತು. ತಿಂಗಳಿಗೊಮ್ಮೆಯಾದರೂ ತಂಡವನ್ನು ಮುಖತಃ ಭೇಟಿಯಾಗುವ ಏರ್ಪಾಡನ್ನು, ಅದರ ಪ್ರಯಾಣವೆಚ್ಚದ ಸಮೇತ, ಈಗಲೇ ಕೇಳಿಕೊಳ್ಳಿ.

ಮನೆಯವರೊಡನೆಯೂ ಮಾತಾಡಬೇಕು. ಮಗಳು ಮನೆಯಲ್ಲಿದ್ದಾಳೆಂದರೆ ರಜೆಯಲ್ಲಿದ್ದಾಳೆಂದೇ ನೆಂಟರು ತಿಳಿಯುತ್ತಾರೆ. ಮೀಟಿಂಗಿನ ನಡುವೆ ಒಳಬಂದು ಅರಿಸಿನ-ಕುಂಕುಮಕ್ಕೆ ಕರೆಯುವವರಿಗೆ ಇಲ್ಲವೆನ್ನುವುದು ಸುಲಭವಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ಕೇಳುವುದು ಸ್ವಾರ್ಥವಲ್ಲ.

ಅಪ್ಪ, ಅಮ್ಮನ ಜೊತೆಗಿರುವ ಆಸೆ ನಿಮ್ಮ ಪತ್ರದ ಉದ್ದಕ್ಕೂ ಕಾಣುತ್ತದೆ. ಅದಕ್ಕಾಗಿ ನೀವು ಹೋಗಬೇಕೆಂದೇ ನನ್ನ ಅಭಿಪ್ರಾಯ. ಆದರೆ ಮೊದಲು ಮಳೆಗಾಲದಲ್ಲಿ ಹೋಗಿ. ಮರ ಬಿದ್ದು ಕರೆಂಟು ಹೋದಾಗ, ಯುಪಿಎಸ್ ಕೈಕೊಟ್ಟಾಗ, ನೆಟ್‌ವರ್ಕ್ ಸಿಗದಾದಾಗ ಕೆಲಸ ಹೇಗೆ ಸಾಗುತ್ತದೆಂದು ನೋಡಿ, ಆಮೇಲೆ ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸ್ ವಾಪಸು ಕೇಳಿ.